"ಸರ್ಕಾರದ ಒಂದು ಘಟಕ" ಅಂದರೆ ಯಾವುದು ಅಂತ ಬಾಯಿಬಿಟ್ಟು ಹೇಳಿ

ನಿನ್ನೆಯಿಂದ ಮೈ ಉರಿಯುತ್ತಿದೆ. ಬರೆಯದೆ ಇದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ನಮ್ಮ ಹಾಸನದ ಹುಡುಗಿಯೊಬ್ಬಳ ಜೊತೆ ಅಮೆರಿಕದ ಡೆನ್ವರ್ ಪಕ್ಕದ ಆರ್ವಾಡಾದಲ್ಲಿ ಹೊಸ ಮನೆ ನೋಡಲು ಹೋಗಿದ್ದೆ. ಅವಳಿಗೀಗ ಐದು ತಿಂಗಳು. ಅಡುಗೆಮನೆ ಕಿಟಕಿಯ ಎದುರಿಗೇ ಹುಲ್ಲುಗಾವಲು, ಅದರಾಚೆ ಬೆಟ್ಟದ ಸಾಲು. "ಆ ಕಡೆ ಯಾರೂ ಮನೆ ಕಟ್ಟಲ್ಲ" ಅಂದರು ಮನೆ ತೋರಿಸುತ್ತಿದ್ದವರು. ಯಾಕೆ ಅಂತ ಇವಳು ಕೇಳಿದಳು. "ಮೊದಲು ಅಲ್ಲಿ ಸರ್ಕಾರದ ಒಂದು ಘಟಕ ಇತ್ತು. ಈಗ ವನ್ಯಜೀವಿ ಧಾಮ." ಅಷ್ಟೇ. ಮುಂದಿನ ಮಾತು ಬಟ್ಟೆ ಕಪಾಟಿನ ಬಗ್ಗೆ.

ಆ ಘಟಕಕ್ಕೆ ಒಂದು ಹೆಸರಿದೆ. ರಾಕಿ ಫ್ಲಾಟ್ಸ್. 1952ರಿಂದ 1989ರವರೆಗೆ ಅಮೆರಿಕದ ಅಣುಬಾಂಬುಗಳ ಪ್ಲುಟೋನಿಯಂ ತಿರುಳು ತಯಾರಾಗಿದ್ದು ಅಲ್ಲೇ. ಇಷ್ಟು ಹೇಳಲು ಏನು ಕಷ್ಟ?

ಹೇಳದೇ ಇರುವುದು ಅಲ್ಲಿ ಮೊದಲಿನಿಂದಲೂ ನಡೆದುಬಂದಿದೆ. 1957ರಲ್ಲಿ ಒಳಗೆ ಬೆಂಕಿ ಬಿದ್ದು, ಹೊಗೆ ಸೋಸುವ ಫಿಲ್ಟರ್‌ಗಳೇ ಸುಟ್ಟುಹೋದವು. ಸುತ್ತಲಿನ ಜನರಿಗೆ ಯಾರೂ ಎಚ್ಚರಿಕೆ ಕೊಡಲಿಲ್ಲ. 1969ರ ಮೇನಲ್ಲಿ ಇನ್ನೊಂದು ದೊಡ್ಡ ಬೆಂಕಿ. ಆಮೇಲೆ ಎಡ್ ಮಾರ್ಟೆಲ್ ಅನ್ನುವ ವಿಜ್ಞಾನಿ ಬೇಲಿಯಾಚೆಯ ಮಣ್ಣು ಪರೀಕ್ಷೆ ಮಾಡಿದರೆ ಪ್ಲುಟೋನಿಯಂ ಸಿಕ್ಕಿತು. ಆಗ ಸರ್ಕಾರದ ಕಡೆಯಿಂದ ಬಂದ ಉತ್ತರ ಏನು ಗೊತ್ತಾ? ಇದು ಈ ಬೆಂಕಿಯದಲ್ಲ, ಬಯಲಲ್ಲಿಟ್ಟ ತ್ಯಾಜ್ಯದ ಡ್ರಮ್‌ಗಳು ಸೋರಿದ್ದು ಅಂತ! ಅಂದರೆ ಸೋರಿದ್ದು ಗೊತ್ತಿತ್ತು. ಜನರಿಗೆ ಹೇಳಿರಲಿಲ್ಲ. ಕೊನೆಗೆ 1989ರಲ್ಲಿ ಎಫ್‌ಬಿಐ ದಾಳಿ ಆಯಿತು. ಘಟಕ ನಡೆಸುತ್ತಿದ್ದ ರಾಕ್‌ವೆಲ್ ಕಂಪನಿ 1992ರಲ್ಲಿ ತಪ್ಪು ಒಪ್ಪಿಕೊಂಡು 1.85 ಕೋಟಿ ಡಾಲರ್ ದಂಡ ಕಟ್ಟಿತು.

ಪ್ಲುಟೋನಿಯಂ ಮೈಮೇಲೆ ಬಿದ್ದರೆ ಅಷ್ಟು ಭಯವಿಲ್ಲ. ಅದು ಸೂಸುವ ವಿಕಿರಣವನ್ನು, ಅಂದರೆ ಆಲ್ಫಾ ಕಣಗಳನ್ನು, ಒಂದು ಕಾಗದದ ಹಾಳೆ ತಡೆಯುತ್ತದೆ. ಧೂಳಿನ ಜೊತೆ ಉಸಿರಲ್ಲಿ ಒಳಗೆ ಹೋದರೆ ಕಥೆ ಬೇರೆ. ಶ್ವಾಸಕೋಶ, ಲಿವರ್, ಮೂಳೆಯಲ್ಲಿ ವರ್ಷಗಟ್ಟಲೆ ಕೂತು ಕ್ಯಾನ್ಸರ್ ತರಬಲ್ಲದು. ಅದು ಅರ್ಧಕ್ಕೆ ಇಳಿಯಲು ಸುಮಾರು 24,000 ವರ್ಷ ಬೇಕು. ಬೆಟ್ಟದಿಂದ ಇಳಿಯುವ ಗಾಳಿಯ ಜೋರು ಇಲ್ಲಿರುವವರಿಗೆ ಗೊತ್ತೇ ಇದೆ. ನಿನ್ನೆ ಹಿತ್ತಲ ಕಟ್ಟೆಯ ಮೇಲೆ ನಿಂತಾಗ ಅವಳ ದುಪಟ್ಟಾ ಹಾರಿ ಹಾರಿ ಮುಖಕ್ಕೆ ಬಡಿಯುತ್ತಿತ್ತು. ಅವಳು ಹಿಡಿದಿದ್ದ ಕಂಬಿಯ ಮೇಲೆ ಸಣ್ಣಗೆ ಧೂಳು. ಅಂಗೈ ಒರೆಸಿಕೋ ಅಂತ ಟಿಶ್ಯೂ ಕೊಟ್ಟೆ.

ಈಗ ಕೆಲವರು ಬರುತ್ತಾರೆ, ಎಲ್ಲಾ ಕ್ಲೀನ್ ಆಗಿದೆಯಲ್ಲಾ ಅಂತ. ಹೌದು, 2005ರಲ್ಲಿ ಮುಗಿಯಿತು, ಸುಮಾರು 700 ಕೋಟಿ ಡಾಲರ್ ಖರ್ಚಾಯಿತು. ಸರ್ಕಾರ ಸುರಕ್ಷಿತ ಅನ್ನುತ್ತದೆ. ರಾಜ್ಯದ ಆರೋಗ್ಯ ಇಲಾಖೆಯ ಅಧ್ಯಯನದಲ್ಲಿ ಒಟ್ಟಾರೆ ಕ್ಯಾನ್ಸರ್ ಜಾಸ್ತಿ ಕಂಡಿಲ್ಲ, ಅದೂ ನಿಜ. ಆದರೆ ಕಾಯಿಲೆ ಗೊತ್ತಾದಾಗ ಅಲ್ಲೇ ಇದ್ದವರ ಲೆಕ್ಕ ಅದು. ಹತ್ತು ವರ್ಷ ಇದ್ದು ಬೇರೆ ಊರಿಗೆ ಹೋದವರನ್ನು ಯಾರು ಎಣಿಸಿದರು? 2019ರಲ್ಲಿ ಪಕ್ಕದಲ್ಲೇ ರಸ್ತೆ ಮಾಡಲು ಮಣ್ಣು ತೆಗೆದಾಗ ಒಂದು ಮಾದರಿಯಲ್ಲಿ ಪ್ಲುಟೋನಿಯಂ ಗ್ರಾಮಿಗೆ 264 ಪಿಕೋಕ್ಯೂರಿ (ವಿಕಿರಣ ಅಳೆಯುವ ಮಾನ) ಬಂತು. ಮೇಲ್ಮಣ್ಣಿಗೆ ಇಟ್ಟಿದ್ದ ಮಿತಿ 50. ಘಟಕವಿದ್ದ ನಡುವಿನ ಜಾಗಕ್ಕೆ ಇವತ್ತಿಗೂ ಜನರನ್ನು ಬಿಡುವುದಿಲ್ಲ. ಸುಮ್ನೆ ಹೆದರಿಸಬೇಡಿ ಅನ್ನಬೇಡಿ ನನಗೆ. ಮನೆ ಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ಗೊತ್ತಾದ ಮೇಲೆ ಕೊಳ್ಳಲಿ.

ಮಗಳು ಎರಡು ವರ್ಷದವಳಿದ್ದಾಗ ನಾವೂ ಆ ಕಡೆಯೇ ಬಾಡಿಗೆಗೆ ಇದ್ದೆವು. ಹಿತ್ತಲಲ್ಲಿ ಮಣ್ಣಾಡುತ್ತಿದ್ದಳು, ಕೆಲವು ಸಲ ಬಾಯಿಗೂ ಹಾಕಿಕೊಳ್ಳುತ್ತಿದ್ದಳು. ಮನೆ ಕೊಟ್ಟವರು ಏನೂ ಹೇಳಲಿಲ್ಲ. ಖಾಲಿ ಮಾಡಿ ಎಷ್ಟೋ ದಿನದ ಮೇಲೆ ಓದಿ ತಿಳಿಯಿತು. ಈಗಲೂ ಅವಳಿಗೆ ಎರಡು ದಿನ ಕೆಮ್ಮು ನಿಲ್ಲದಿದ್ದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಅದರಿಂದಲೇ ಅಂತ ಅಲ್ಲ. ಆದರೂ.

ವಾಪಸ್ ಬರುವಾಗ ಕಾರಲ್ಲಿ ಇದನ್ನೆಲ್ಲ ಹೇಳಿದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಅಕ್ಕಾ, ಮೂರು ವಾರದಿಂದ ಈ ಮನೆ ಬಗ್ಗೆ ಹೇಳ್ತಾನೇ ಇದ್ದೀನಿ. ನೀವಾದ್ರೂ ಮೊದಲೇ ಹೇಳಬಾರದಿತ್ತಾ?"