ಇತರೆ ಖರ್ಚು

ಬೆಕ್ಕು ಪುಕ್ಕಟೆ ಸಿಗುತ್ತದೆ. ವಿಜಯಪುರದಲ್ಲಿ ಯಾರಾದರೂ ಬೆಕ್ಕನ್ನು ದುಡ್ಡು ಕೊಟ್ಟು ತಂದೆ ಎಂದರೆ ಕೇಳಿದವರು ಅವರ ಮುಖವನ್ನು ಇನ್ನೊಮ್ಮೆ ನೋಡುತ್ತಾರೆ. ಯಾರದೋ ಅಟ್ಟದ ಮೇಲೆ ಮರಿ ಹಾಕಿರುತ್ತದೆ. 'ನೀವೊಂದು ಒಯ್ಯಿರಿ, ಪುಣ್ಯ ಬರುತ್ತದೆ' ಎಂದು ರಟ್ಟಿನ ಡಬ್ಬಿಯಲ್ಲಿಟ್ಟು ಕೊಡುತ್ತಾರೆ. ಮುಂದಿನ ಹನ್ನೆರಡು, ಹದಿನೈದು ವರ್ಷಗಳ ಖರ್ಚೂ ಅದೇ ಡಬ್ಬಿಯಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ಅಷ್ಟೇ ಅವಧಿಯ ಮನೆಸಾಲಕ್ಕಾದರೆ ಬ್ಯಾಂಕಿನವರು ಕಂತಿನ ಪಟ್ಟಿ ಕೊಡುತ್ತಾರೆ, ಜಾಮೀನು ಕೇಳುತ್ತಾರೆ. ಬೆಕ್ಕಿಗೆ ಕಾಗದಪತ್ರದ ಗೊಡವೆಯೇ ಇಲ್ಲ.

ನಮ್ಮ ಮನೆಯಲ್ಲಿ ಲೆಕ್ಕ ಬರೆಯುವವಳು ಹೆಂಡತಿ. ಎಡಕ್ಕೆ ತಾರೀಖು, ನಡುವೆ ಬಾಬತ್ತು, ಬಲಕ್ಕೆ ರೂಪಾಯಿ. ಕಿರಾಣಿ, ಹಾಲು, ಕರೆಂಟು, ಮದುವೆಯ ಮುಯ್ಯಿ, ಎಲ್ಲಕ್ಕೂ ಆ ಪುಸ್ತಕದಲ್ಲಿ ಹೆಸರಿದೆ. ಬೆಕ್ಕಿಗೆ ಮಾತ್ರ ಬಹಳ ದಿನ ಹೆಸರಿರಲಿಲ್ಲ. ಅದರ ಖರ್ಚು ಸ್ವಲ್ಪ ಹಾಲಿನಲ್ಲಿ, ಸ್ವಲ್ಪ ರಿಕ್ಷಾದಲ್ಲಿ, ಸ್ವಲ್ಪ ಔಷಧಿಯಲ್ಲಿ ಸೇರಿಕೊಂಡು, ಮಿಕ್ಕಿದ್ದೆಲ್ಲ 'ಇತರೆ' ಎಂಬ ಸಾಲಿನಲ್ಲಿ ಅಡಗಿ ಕುಳಿತಿರುತ್ತಿತ್ತು. ತಿಂಗಳ ಕೊನೆಗೆ 'ಇತರೆ' ಏಕೆ ಇಷ್ಟು ಉಬ್ಬಿದೆ ಎಂದು ನಾವಿಬ್ಬರೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡುವಾಗ ಆರೋಪಿ ಅದೇ ಪುಸ್ತಕದ ಮೇಲೆ ಮಲಗಿರುತ್ತಿತ್ತು.

ಹಿಂದೆ ಬೆಕ್ಕು ಉಳಿತಾಯದ ಬಾಬತ್ತು. ವರ್ಷಕ್ಕಾಗುವಷ್ಟು ಮಾಲದಂಡಿ ಜೋಳವನ್ನು ಚೀಲಗಟ್ಟಲೆ ಒಟ್ಟುತ್ತಿದ್ದ ಮನೆಗಳಲ್ಲಿ ಇಲಿ ತಿಂದು ಹಾಳುಮಾಡುವುದರ ಮುಂದೆ ಬೆಕ್ಕು ಕುಡಿಯುವ ಹಾಲು ಯಾವ ಲೆಕ್ಕ? ಬೆಳಿಗ್ಗೆ ಒಂದಿಷ್ಟು ಹಾಲು, ರೊಟ್ಟಿಯ ಚೂರು. ಉಳಿದದ್ದನ್ನು ಅದು ದುಡಿದು ತಿನ್ನಬೇಕು. ಈಗ ನಾವು ತಿಂಗಳಿಗೆ ಬೇಕಾದಷ್ಟೇ ಜೋಳ ತಂದು ತಗಡಿನ ಡಬ್ಬಿಗೆ ಸುರಿದು ಮುಚ್ಚಳ ಬಿಗಿಯುತ್ತೇವೆ. ಇಲಿಗಳು ಬೇಸತ್ತು ಮನೆ ಬಿಟ್ಟವು. ಬೆಕ್ಕು ಬಿಡಲಿಲ್ಲ.

ನಿಜವಾದ ತೊಡಕು ಊಟದ್ದು. ನಮ್ಮದು ಮೊಟ್ಟೆ ಎಂಬ ಮಾತನ್ನೂ ದನಿ ತಗ್ಗಿಸಿ ಆಡುವ ಮನೆ. ಬೆಕ್ಕು ಅಪ್ಪಟ ಮಾಂಸಾಹಾರಿ. ನಾಯಿಯಾದರೆ ಅನ್ನ, ರೊಟ್ಟಿಗೆ ಒಂದು ಮಟ್ಟಿಗೆ ಹೊಂದಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ಅಂಶ ಆಹಾರದಿಂದಲೇ ಬರಬೇಕು, ಅದು ಸಿಗುವುದು ಮಾಂಸ ಮೀನುಗಳಲ್ಲಿ. ಬಹುಕಾಲ ಸಿಗದಿದ್ದರೆ ದೃಷ್ಟಿ ಹೋಗುತ್ತದೆ, ಹೃದಯ ಸೋಲುತ್ತದೆ. ಜೋಳದ ರೊಟ್ಟಿಗೆ ಎಷ್ಟು ತುಪ್ಪ ಸವರಿದರೂ ಈ ಕೊರತೆ ತುಂಬುವುದಿಲ್ಲ. ಹಾಗಾಗಿ ಅಂಗಡಿಯ ಪೊಟ್ಟಣ ಬಂತು. ಅದರ ಮೇಲೆ ಬಾಯಿ ತೆರೆದ ದೊಡ್ಡದೊಂದು ಮೀನಿನ ಚಿತ್ರ. ಅಡುಗೆಮನೆಗೆ ಪ್ರವೇಶವಿಲ್ಲದ ಕಾರಣ ಪೊಟ್ಟಣವನ್ನು ಪಡಸಾಲೆಯ ಗೂಡಿನಲ್ಲಿ ಮೀನಿನ ಮುಖ ಗೋಡೆಗೆ ಮಾಡಿ ಇಟ್ಟೆವು. ಪುಸ್ತಕದಲ್ಲಿ 'ಬಿಸ್ಕತ್ತು' ಎಂದು ಬರೆದೆವು. ಈ ಏರ್ಪಾಟು ಅಮ್ಮನಿಗೆ ತಿಳಿಯಬಾರದೆಂದು. ಅಮ್ಮನಿಗೆ ಮೊದಲ ದಿನವೇ ವಾಸನೆ ತಿಳಿದಿತ್ತು. ಈಗ ಅದನ್ನು ಹಾಕುವವರೇ ಅವರು: ಸೆರಗಿನಿಂದ ಮೂಗು ಮುಚ್ಚಿ, ಅದಕ್ಕೆಂದೇ ಎತ್ತಿಟ್ಟ ಹಳೆಯ ಚಮಚದಿಂದ ಸ್ಟೀಲ್ ಬಟ್ಟಲಿಗೆ ಟಣಟಣ ಸುರಿದು, ಕೈ ತೊಳೆದು ಪೂಜೆಗೆ ಕೂರುತ್ತಾರೆ. 'ಅದರ ಧರ್ಮ ಅದಕ್ಕೆ' ಎನ್ನುವುದಷ್ಟೇ ಅವರ ವಿವರಣೆ.

ನಾಲ್ಕು ಕಿಲೋ ತೂಗುವ ಬೆಕ್ಕು ದಿನಕ್ಕೆ 50ರಿಂದ 60 ಗ್ರಾಂ ಒಣ ಆಹಾರ ತಿನ್ನುತ್ತದೆ. ತಿಂಗಳಿಗೆ ಹತ್ತಿರಹತ್ತಿರ ಎರಡು ಕಿಲೋ ಎಂದು ಹಿಡಿಯಬಹುದು. ಆ ದುಡ್ಡಿಗೆ ಜೋಳ ಎಷ್ಟು ಬರುತ್ತಿತ್ತು ಎಂದು ಮಾತ್ರ ಲೆಕ್ಕ ಹಾಕಬಾರದು. ಹಾಕಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ಕಡಿಮೆ ಮಾಡಬಹುದಾದ ಖರ್ಚೂ ಇದೆ, ಹಾಲಿನದು. ಹಾಲು ಬಿಟ್ಟ ಮರಿ ಬೆಳೆದಂತೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಂದುತ್ತದೆ. ಹಲವು ಬೆಕ್ಕುಗಳಿಗೆ ಹಾಲು ಹಾಕಿದರೆ ಮರುದಿನ ಫಿನಾಯಿಲ್‌ನ ಖರ್ಚು ಅದಕ್ಕೆ ಕೂಡಿಕೊಳ್ಳುತ್ತದೆ. ಇನ್ನು ಸಿಹಿಯ ರುಚಿ ಬೆಕ್ಕಿನ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಶೇಂಗಾ ಹೋಳಿಗೆಯಲ್ಲಿ ಪಾಲು ಕೇಳದ ಏಕೈಕ ಸದಸ್ಯ ಎಂದು ಅದಕ್ಕೆ ಕೃತಜ್ಞನಾಗಿದ್ದೇನೆ.

ವೈದ್ಯರ ಬಾಬತ್ತಿನಲ್ಲಿ ನಾನು ಜಿಪುಣತನ ಮಾಡುವುದಿಲ್ಲ. ಮರಿಗೆ ಮೂರು ತಿಂಗಳು ತುಂಬಿದಾಗ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಜೊತೆಗೆ ಆಗಾಗ ಜಂತುಹುಳುವಿನ ಔಷಧಿ. ಸರ್ಕಾರಿ ಪಶು ಆಸ್ಪತ್ರೆಯ ಅಂಗಳದಲ್ಲಿ ನಮ್ಮ ಮುಂದೆ ಒಂದು ಎಮ್ಮೆ, ಮೂರು ಮೇಕೆ, ಕೊಂಬಿಗೆ ಕೆಂಪು ಬಣ್ಣ ಬಳಿದ ಒಂದು ಖಿಲಾರಿ ಎತ್ತು. ಇವುಗಳ ನಡುವೆ ಕಾಯಿಪಲ್ಲೆ ಚೀಲದಿಂದ ತಲೆ ಹೊರಗೆ ಹಾಕಿದ ನಮ್ಮದು. ಎಮ್ಮೆಯವನು ಬಹಳ ಹೊತ್ತು ನೋಡಿ, 'ಹೊತ್ತಿಗೆ ಎಷ್ಟು ಲೀಟರ್ ಕರೆಯುತ್ತದೆ?' ಎಂದು ಗಂಭೀರವಾಗಿ ಕೇಳಿದ. ಸುತ್ತಲಿದ್ದವರೆಲ್ಲ ನಕ್ಕರು. ಆಸ್ಪತ್ರೆಗೆ ಬಂದ ಪ್ರಾಣಿಗಳಲ್ಲಿ ಆದಾಯವಿಲ್ಲದ್ದು ಅದೊಂದೇ.

ಉಳಿತಾಯ ಮಾಡಲು ಹೋಗಿ ಕೆಡುವವರೂ ಇದ್ದಾರೆ. ಜ್ವರ ಬಂದ ಬೆಕ್ಕಿಗೆ ಮನೆಯಲ್ಲೇ ಇರುವ ಪ್ಯಾರಾಸಿಟಮಾಲ್‌ನ ಚೂರು ಸಾಕೆಂದುಕೊಳ್ಳುವುದು ಅಂಥದ್ದು. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ನಾಯಿ ಸಾಕಿದವರಿಗೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಅಪಾಯವಿದೆ: ಇಲ್ಲಿ ಒಣದ್ರಾಕ್ಷಿ ಮನೆಮನೆಯಲ್ಲೂ ಇರುತ್ತದೆ, ಅದು ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಹುದು. ಪ್ರೀತಿಯಿಂದ ಹಾಕಿದ ಒಂದು ಹಿಡಿ, ಸಲೈನ್‌ನ ಬಿಲ್ಲಾಗಿ ತಿರುಗಿ ಬರುತ್ತದೆ. ಹೆಣ್ಣು ಬೆಕ್ಕಿನ ಸಂತಾನಹರಣ ಶಸ್ತ್ರಚಿಕಿತ್ಸೆಗೆ 'ಅಷ್ಟೊಂದೇ?' ಎಂದು ಹೌಹಾರುವವರು, ಅದು ಆರು ತಿಂಗಳಾಗುವುದರೊಳಗೇ ಬಸುರಾಗಬಲ್ಲದು, ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪುಣ್ಯ ಸಿಗುತ್ತದೆ ಎಂದು ಎಷ್ಟು ಜನರನ್ನು ನಂಬಿಸಲಾದೀತು?

ಕಳೆದ ಯುಗಾದಿಗೆ ಹೆಂಡತಿ ಹೊಸ ಪುಸ್ತಕ ತೆಗೆದು, ಬೆಕ್ಕಿಗೆ ಅದರದೇ ಒಂದು ಸಾಲು ಕೊಟ್ಟಳು. ಆಪತ್ತಿಗಿರಲಿ ಎಂದು ಅಮ್ಮ ತಿಂಗಳಿಗೆ 200 ರೂಪಾಯಿ ಬೇರೆ ಎತ್ತಿಡುತ್ತಾರೆ. ನೆಂಟರು ಕೇಳಿದರೆ ಅದು ದೇವರ ಹುಂಡಿ. ತಿಂಗಳ ಮೊತ್ತ ಕಣ್ಣೆದುರಿಗೆ ಬಂದರೂ ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಯಾರೂ ಬಾಯಿಬಿಡಲಿಲ್ಲ. ಅಷ್ಟಾದರೂ 'ಇತರೆ' ಹೆಚ್ಚೇನೂ ಇಳಿದಿಲ್ಲ. ಬೆಕ್ಕು ನಿರಪರಾಧಿ ಎಂದಾದ ಮೇಲೆ ಹೆಂಡತಿ ಈಗ ಆ ಸಾಲನ್ನು ಓದುವಾಗಲೆಲ್ಲ ಕನ್ನಡಕದ ಮೇಲಿನಿಂದ ನನ್ನನ್ನು ನೋಡುತ್ತಾಳೆ.