ಪೋಪ್ ನರಕವನ್ನು ರದ್ದು ಮಾಡಿದ್ರಾ?

"ನರಕವೇ ಇಲ್ಲ ಎಂದು ಪೋಪ್ ಫ್ರಾನ್ಸಿಸ್ ಒಪ್ಪಿಕೊಂಡರು" ಎನ್ನುವ ಫಾರ್ವರ್ಡ್ ಆಗಾಗ ವಾಟ್ಸಾಪ್‌ನಲ್ಲಿ ತಲೆ ಎತ್ತುತ್ತದೆ. ಅದು ನಿಜವಲ್ಲ. ಹುಟ್ಟಿದ ಬಗೆ ಮಾತ್ರ ಸ್ವಾರಸ್ಯವಾಗಿದೆ.

2018ರ ಮಾರ್ಚ್, ಈಸ್ಟರ್ ಹತ್ತಿರ. ಇಟಲಿಯ ಪತ್ರಕರ್ತ ಯುಜೀನಿಯೊ ಸ್ಕಾಲ್ಫರಿ ಪೋಪ್ ಅವರನ್ನು ಭೇಟಿಯಾದರು. ಸ್ಕಾಲ್ಫರಿಗೆ ಆಗ ವಯಸ್ಸು 93, ದೇವರನ್ನು ನಂಬದವರು. ರೆಕಾರ್ಡರ್ ಇಡುವವರಲ್ಲ, ನೆನಪಿನಿಂದಲೇ ಬರೆಯುವವರು. ಪಶ್ಚಾತ್ತಾಪ ಪಡದ ಆತ್ಮಗಳು ಸುಮ್ನೆ ಇಲ್ಲವಾಗುತ್ತವೆ, ನರಕ ಇಲ್ಲ ಎಂದು ಪೋಪ್ ಹೇಳಿದರೆಂದು 'ಲಾ ರಿಪುಬ್ಲಿಕಾ' ಪತ್ರಿಕೆಯಲ್ಲಿ ಬರೆದರು. ವ್ಯಾಟಿಕನ್ ತಕ್ಷಣ ಸ್ಪಷ್ಟನೆ ಕೊಟ್ಟಿತು: ಅದು ಖಾಸಗಿ ಭೇಟಿ, ಸಂದರ್ಶನವಲ್ಲ. ಬರೆದಿರುವುದು ಪೋಪ್ ಆಡಿದ ಯಥಾವತ್ ಮಾತುಗಳಲ್ಲ.

ಇದೇ ಪೋಪ್ 2014ರಲ್ಲಿ ಮಾಫಿಯಾದವರಿಗೆ ಏನು ಹೇಳಿದ್ದರು ಗೊತ್ತಾ? ದಾರಿ ಬದಲಿಸಿ, ನರಕಕ್ಕೆ ಹೋಗದಿರಲು ಇನ್ನೂ ಸಮಯವಿದೆ ಎಂದು!

ಅಲ್ಪಾಯುಷಿ ಮನುಷ್ಯನ ಪಾಪಕ್ಕೆ ಕೊನೆಯಿಲ್ಲದ ಶಿಕ್ಷೆ ನ್ಯಾಯವಾ? ಈ ಪ್ರಶ್ನೆ ಹಳೆಯದು, ಚರ್ಚಿನೊಳಗೇ ಎದ್ದದ್ದು. 3ನೇ ಶತಮಾನದ ಕ್ರೈಸ್ತ ಚಿಂತಕ ಒರಿಜೆನ್, ಕೊನೆಗೆ ಎಲ್ಲರೂ ದೇವರ ಬಳಿಗೆ ಮರಳಬಹುದು ಎಂದು ಆಶಿಸಿದ್ದರು. ಚರ್ಚ್ ಅದನ್ನು ಒಪ್ಪಲಿಲ್ಲ. ಆದರೆ 1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥದ ಪ್ರಕಾರ, ದೇವರು ಯಾರನ್ನೂ ನರಕಕ್ಕೆಂದು ಮೊದಲೇ ಗೊತ್ತುಮಾಡುವುದಿಲ್ಲ. ಮನುಷ್ಯ ತಾನಾಗಿಯೇ ಬೆನ್ನು ತಿರುಗಿಸಿ, ಕೊನೆವರೆಗೂ ಹಾಗೇ ಉಳಿದರೆ ಆಗುವ ಅಗಲಿಕೆಯೇ ನರಕ. ಈ ಉತ್ತರ ಎಲ್ಲರಿಗೂ ಸಾಲದು, ನನಗೂ ಪೂರ್ತಿ ಸಾಲದು.

2024ರ ಜನವರಿಯಲ್ಲಿ ಟಿವಿಯಲ್ಲಿ ಫ್ರಾನ್ಸಿಸ್, ನರಕ ಖಾಲಿ ಎಂದುಕೊಳ್ಳಲು ತನಗೆ ಇಷ್ಟ ಎಂದರು. ಇದು ಸಿದ್ಧಾಂತವಲ್ಲ, ನನ್ನ ವೈಯಕ್ತಿಕ ಅನಿಸಿಕೆ ಎಂದೂ ಹೇಳಿದ್ದರು. ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವುದು ಆ ಮಾತೇ, ಅಲ್ವಾ?