ಬಾಣದ ಗುರುತಿನಲ್ಲಿ ನೀರು ಸೋರುವುದಿಲ್ಲ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ತಲುಪಿದೆ. ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕಿನ ರೈತರು ಸಲಿಕೆ ಹಿಡಿದು ಓಡಬೇಕಾಗಿಲ್ಲ. ನೀರು ತಲುಪಿರುವುದು ಫ್ಲೆಕ್ಸ್ ಮೇಲೆ. ನೀರಾವರಿಗೆ ಸಂಬಂಧಪಟ್ಟ ಕಚೇರಿಯೊಂದರ ಸಭಾಂಗಣದ ಗೋಡೆಗೆ, ಹಳೆಯ ಕ್ಯಾಲೆಂಡರುಗಳನ್ನು ಕಿತ್ತುಹಾಕಿ, ಅದನ್ನು ಬಿಗಿಯಲಾಗಿದೆ. ಎಡತುದಿಯಲ್ಲಿ ಜಲಾಶಯ, ಬಲತುದಿಯಲ್ಲಿ ರೈತ, ನಡುವೆ ನೀಲಿ, ಹಸಿರು, ಕೇಸರಿ ಪಟ್ಟಿಗಳು. ಬೆಂಗಳೂರಿನಿಂದ ಬಂದ ಸಲಹೆಗಾರರು ಇದನ್ನು ಸ್ವಿಮ್ ಲೇನ್ ನಕ್ಷೆ ಎಂದು ಪರಿಚಯಿಸಿದರು. ಚಹಾ, ಮಿರ್ಚಿ ಭಜಿ ಮುಗಿಯುವುದರೊಳಗೆ ನೀರು ಹೊಲ ಮುಟ್ಟಿತ್ತು.

ನಕ್ಷೆಯ ತತ್ವ ಸರಳ. ಈಜುಕೊಳದ ಸ್ಪರ್ಧೆಯಲ್ಲಿ ಹಗ್ಗ ಕಟ್ಟಿ ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ಬಿಟ್ಟುಕೊಡುವಂತೆ, ಒಂದು ಕೆಲಸದಲ್ಲಿ ಪಾಲುಗೊಳ್ಳುವ ಪ್ರತಿ ವಿಭಾಗಕ್ಕೂ ಒಂದು ಲೇನ್. ಕೆಲಸಕ್ಕೆ ಚೌಕ, ತೀರ್ಮಾನಕ್ಕೆ ವಜ್ರದಾಕಾರ, ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವುದಕ್ಕೆ ಬಾಣ. ಅಮೆರಿಕದ ಗಿಯರಿ ರಮ್ಲರ್ ಮತ್ತು ಅಲನ್ ಬ್ರೇಶ್ 1990ರಲ್ಲಿ ಇದನ್ನು ಕಂಪನಿಗಳ ನಡುವೆ ಜನಪ್ರಿಯಗೊಳಿಸಿದರು. ಕೆಲಸ ಕೆಡುವುದು ವಿಭಾಗದ ಒಳಗಿಗಿಂತ ಹೆಚ್ಚಾಗಿ ಎರಡು ವಿಭಾಗಗಳ ನಡುವಿನ ಖಾಲಿ ಜಾಗದಲ್ಲಿ ಎಂಬುದು ಅವರ ವಾದ. ಆ ಖಾಲಿ ಜಾಗ ಎಲ್ಲರ ಕಣ್ಣಿಗೂ ಬೀಳಲಿ ಎಂದು ಅವರು ಗೆರೆ ಎಳೆಸಿದರು. ನಮ್ಮಲ್ಲಿ ಗೆರೆ ಎಳೆದ ಮೇಲೆ ಎಲ್ಲರಿಗೂ ನೆಮ್ಮದಿಯಾಯಿತು: ಗೆರೆಯ ಆಚೆಗಿನದು ನಮ್ಮದಲ್ಲ ಎನ್ನಲು ಈಗ ಚಿತ್ರ ಸಮೇತ ದಾಖಲೆ ಸಿಕ್ಕಿದೆ.

ಈ ಕಾಲುವೆಯನ್ನು ಬಲ್ಲವರಿಗೆ ಲೇನ್ ಎಂದರೇನೆಂದು ವಿವರಿಸಬೇಕಾಗಿಯೇ ಇರಲಿಲ್ಲ. ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ ಹೊರಟು ರಾಯಚೂರಿನ ಕಡೆಗೆ ಬರುವ ಈ ಕಾಲುವೆ 225 ಕಿ.ಮೀ.ಗಿಂತ ಉದ್ದ. ಅದನ್ನು ವಿಭಾಗಗಳಾಗಿ ಕತ್ತರಿಸಿ, ಒಂದೊಂದು ಗಡಿಯಲ್ಲೂ ಗೇಜ್, ಅಂದರೆ ನೀರಿನ ಮಟ್ಟ ಅಳೆಯುವ ಪಟ್ಟಿ, ನೋಡಿ ನೀರು ದಾಟಿಸುತ್ತಾರೆ. ಮೇಲಿನ ವಿಭಾಗದ ಪುಸ್ತಕ ತೆರೆದರೆ ಗೇಜ್ ಪ್ರಕಾರ ನೀರು ಬಿಡಲಾಗಿದೆ. ಕೆಳಗಿನ ವಿಭಾಗದ ಪುಸ್ತಕ ತೆರೆದರೆ ಗೇಜ್ ಪ್ರಕಾರ ನೀರು ಬಂದಿಲ್ಲ. ಎರಡೂ ಪುಸ್ತಕಗಳಿಗೆ ಸಹಿ ಇದೆ, ಮೊಹರು ಇದೆ. ಇಬ್ಬರು ಎಂಜಿನಿಯರುಗಳೂ ಸತ್ಯವಂತರು. ಸುಳ್ಳು ಹೇಳುತ್ತಿರುವುದು ನೀರೊಂದೇ ಇರಬೇಕು.

ಕಾಲುವೆ ಏರಿಯ ಮೇಲೆ ಒಂದು ರಾತ್ರಿ ನಡೆದರೆ ಆ ನೀರಿನ ವಿಳಾಸ ಸಿಗುತ್ತದೆ. ಏರಿಯ ಮೈಯಲ್ಲಿ ಹೂತ ಪೈಪುಗಳು, ಒಣಹುಲ್ಲು ಮುಚ್ಚಿದ ಪಂಪ್‌ಸೆಟ್‌ಗಳು, ಆಚೆಗೆ ಕಣ್ಣು ಹಾಯುವವರೆಗೂ ಭತ್ತ. ಯೋಜನೆ ರೂಪಿಸಿದವರು ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಹಂಚಬೇಕೆಂದು ಬಹುಪಾಲು ಜಮೀನಿಗೆ ಜೋಳ, ಹತ್ತಿಯಂಥ ಮಿತ ನೀರಿನ ಬೆಳೆಗಳನ್ನು ಗೊತ್ತು ಮಾಡಿದ್ದರು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂಬ ನಕ್ಷೆಯೂ ಇತ್ತು. ಆ ನಕ್ಷೆಯಲ್ಲಿ ಇಂದಿಗೂ ಜೋಳ ಸೊಗಸಾಗಿ ತೆನೆ ಕಟ್ಟುತ್ತಿದೆ. ಮೇಲ್ಭಾಗದ ನೆಲದಲ್ಲಿ ಮಾತ್ರ ಅಕ್ಕಿ ಬೆಳೆಯುತ್ತದೆ. ಜಲಾಶಯದ ಕಥೆಯೂ ಹಾಗೆಯೇ. ಕಟ್ಟಿದಾಗ 133 ಟಿಎಂಸಿ ಅಡಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಫ್ಲೆಕ್ಸ್‌ನ ಎಡತುದಿಯಲ್ಲಿ ಮಾತ್ರ ಅಂದವಾದ ಒಂದು ವೃತ್ತ, ಅದರ ಕೆಳಗೆ ‘ಜಲಾಶಯ ಭರ್ತಿ’. ಹೂಳಿಗೆ ಯಾರೂ ಲೇನ್ ಕೊಟ್ಟಿಲ್ಲ. ಅದು ಯಾವ ಇಲಾಖೆಯನ್ನೂ ಪ್ರತಿನಿಧಿಸುವುದಿಲ್ಲವಲ್ಲ.

ಇನ್ನು ಬಲತುದಿಯ ರೈತನ ವಿಷಯ. ಸಭೆಗೆ ಕರೆಸಿದ್ದ ಕೊನೆ ಭಾಗದ ಹಿರಿಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು ಫ್ಲೆಕ್ಸ್ ಹತ್ತಿರ ಹೋದರು. ಎಲ್ಲ ಲೇನ್‌ಗಳಲ್ಲೂ ಚೌಕಗಳು ಕಿಕ್ಕಿರಿದಿದ್ದವು. ‘ರೈತ’ ಎಂದು ಬರೆದಿದ್ದ ಪಟ್ಟಿ ಮಾತ್ರ ಖಾಲಿ ಬಿದ್ದಿತ್ತು. ಅದಕ್ಕೆ ಬಂದು ಮುಟ್ಟುವ ಬಾಣವೂ ತುಂಡು ತುಂಡು ಗೆರೆಯದು.

“ಸಾಹೇಬರೇ, ಬೇರೆಯವರಿಗೆಲ್ಲ ಗಟ್ಟಿ ಗೆರೆ, ನಮಗೇಕೆ ಹರಕು ಗೆರೆ?”

“ಯಜಮಾನರೇ, ಅದು ಅಂತರರಾಷ್ಟ್ರೀಯ ನಿಯಮ” ಎಂದರು ಸಲಹೆಗಾರರು.

ಅವರು ಹೇಳಿದ್ದು ನಿಜ. ಇಂಥ ನಕ್ಷೆಗಳಿಗೆ ಬಿಪಿಎಂಎನ್ ಎಂಬ ಗುರುತುಗಳ ಭಾಷೆಯೇ ಇದೆ. 2004ರಲ್ಲಿ ಹುಟ್ಟಿ, 2011ರಲ್ಲಿ ಎರಡನೆಯ ಆವೃತ್ತಿ ಕಂಡು, 2013ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒದ ಮುದ್ರೆಯನ್ನೂ ಪಡೆದಿದೆ. ಅದರಲ್ಲಿ ಒಂದು ಸಂಸ್ಥೆಯ ಲೇನ್‌ಗಳೆಲ್ಲ ಸೇರಿ ಒಂದು ಪೂಲ್. ಹೊರಗಿನವರಿಗೆ ಬೇರೆ ಪೂಲ್; ಅವರೊಳಗೆ ಏನು ನಡೆಯುತ್ತದೆ ಎಂಬುದು ಬೇಡವಾದರೆ ಅದನ್ನು ಖಾಲಿ ಬಿಡಬಹುದು. ಕೆಲಸದ ಗಟ್ಟಿ ಗೆರೆ ಒಂದು ಪೂಲಿನಿಂದ ಇನ್ನೊಂದಕ್ಕೆ ದಾಟುವಂತಿಲ್ಲ. ದಾಟಬಹುದಾದದ್ದು ತುಂಡು ಗೆರೆ, ಅಂದರೆ ಸಂದೇಶ. ಕಂಪನಿಯ ಗ್ರಾಹಕನ ಮಟ್ಟಿಗೆ ಒಪ್ಪತಕ್ಕ ನಿಯಮವೇ. ಅದನ್ನು ತಂದು ಕಾಲುವೆಗೆ ಹಚ್ಚಿದಾಗ ಹೊರಬೀಳುವ ಸತ್ಯ ಏನೆಂದರೆ, ಇಲಾಖೆಯ ಗಡಿಯಿಂದಾಚೆಗೆ ರೈತನಿಗೆ ಹೋಗುವುದು ಎಸ್‌ಎಂಎಸ್, ನೀರಲ್ಲ. ಇಷ್ಟು ವರ್ಷ ನಮ್ಮವರು ತಿಳಿಯದೆ ಪಾಲಿಸಿಕೊಂಡು ಬಂದದ್ದು ಐಎಸ್‌ಒ ಮಾನಕವನ್ನೇ ಎಂದು ತಿಳಿದು ಸಭೆಯಲ್ಲಿ ಕೆಲವರ ಎದೆ ಉಬ್ಬಿತು.

ಅಕ್ರಮ ಪಂಪ್‌ಸೆಟ್ ತೆರವಿನ ಚೌಕ ಮಾತ್ರ ಸ್ವಲ್ಪ ಕಾಟ ಕೊಟ್ಟಿತು. ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಹೊರಡಿಸುವುದು ಜಿಲ್ಲಾಡಳಿತ, ಕಾವಲಿಗೆ ಪೊಲೀಸರು, ವಿದ್ಯುತ್ ಸಂಪರ್ಕ ಕಡಿಯಲು ಇನ್ನೊಬ್ಬರು, ಪೈಪು ಕೀಳಲು ನೀರಾವರಿಯವರು. ಒಂದು ಚೌಕ ಒಂದೇ ಲೇನ್‌ನಲ್ಲಿ ಕೂರಬೇಕು. ಯಾರ ಲೇನ್‌ನಲ್ಲಿ ಇಟ್ಟರೂ ಅವರು ಮುಖ ಸಿಂಡರಿಸಿ ಪಕ್ಕಕ್ಕೆ ತಳ್ಳಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಚೌಕ ಜರುಗುತ್ತ ಜರುಗುತ್ತ ಹಾಳೆಯ ಅಂಚಿಗೆ ಬಂದು, ‘ಪುಟ 2 ನೋಡಿ’ ಎಂಬ ಗುರುತಾಗಿ ಉಳಿಯಿತು. ಫ್ಲೆಕ್ಸ್ ಮುದ್ರಣಕ್ಕೆ ಮಂಜೂರಾದದ್ದು ಒಂದೇ ಪುಟ.

ಗ್ಯಾಂಗ್‌ಮನ್‌ಗಳಿಗೂ ಲೇನ್ ಇಲ್ಲ. ನಡುರಾತ್ರಿ ಬ್ಯಾಟರಿ ಹಿಡಿದು ಹಾವು ಚೇಳು ದಾಟಿಕೊಂಡು ಏರಿ ಕಾಯುವವರು, ತೂಬಿನ ಬಾಯಿಗೆ ಸಿಕ್ಕಿದ ಜಾಲಿಮುಳ್ಳು ಎಳೆಯುವವರು, ಬಾಕಿ ಕೂಲಿ ಕೊಡಿ ಎಂದು ಆಗಾಗ ಧರಣಿ ಕೂರುವವರು ಅವರೇ. ನಕ್ಷೆಯಲ್ಲಿ ‘ಗೇಟ್ ತೆರೆಯಲಾಗುತ್ತದೆ’ ಎಂದಿದೆ. ತೆರೆಯುವ ಕೈ ಯಾವುದು ಎಂಬ ಕ್ಷುಲ್ಲಕ ವಿವರಕ್ಕೆ ಸಲಹೆಗಾರರು ಇಳಿದಿಲ್ಲ.

ಮಧ್ಯದಲ್ಲಿ ವಜ್ರದಾಕಾರವೊಂದಿದೆ: ‘ಗೇಜ್ ಸರಿ ಇದೆಯೇ?’ ಹೌದಾದರೆ ಬಾಣ ಮುಂದಕ್ಕೆ. ಇಲ್ಲವಾದರೆ ‘ಸಭೆ ಕರೆಯುವುದು’. ಸಭೆಯಿಂದ ಬಾಣ ಮತ್ತೆ ಗೇಜ್‌ಗೆ. ಅಲ್ಲಿಂದ ಮತ್ತೆ ಸಭೆಗೆ. ಈ ಸುತ್ತು ಎಷ್ಟು ಸಲ ತಿರುಗಬಹುದು ಎಂದು ಬರೆದಿಲ್ಲವಾದರೂ ಭತ್ತದ ಸಸಿ ಒಣಗಲು ಬೇಕಾದ ದಿನಗಳಿಗಿಂತ ಕಡಿಮೆ ಇರಲಾರದು. ರೈತನ ದೂರಿಗೂ ಪ್ರತ್ಯೇಕ ಹಾದಿ ಇದೆ. ದೂರು ಕೆಳಗಿನ ವಿಭಾಗಕ್ಕೆ ಬರುತ್ತದೆ. ‘ಮೇಲಿನಿಂದ ಬಂದಿಲ್ಲ’ ಎಂಬ ಷರಾದೊಂದಿಗೆ ಮೇಲಕ್ಕೆ ಹೋಗುತ್ತದೆ. ‘ಬಿಡಲಾಗಿದೆ’ ಎಂಬ ಷರಾದೊಂದಿಗೆ ದಪ್ಪ ಅಂಚಿನ ವೃತ್ತ ಸೇರುತ್ತದೆ. ದಪ್ಪ ಅಂಚಿನ ವೃತ್ತ ಎಂದರೆ ಮುಕ್ತಾಯ. ಕೆಳಗೆ ‘ದೂರು ವಿಲೇವಾರಿ’ ಎಂದು ಹಸಿರು ಅಕ್ಷರ.

ನಕ್ಷೆ ಬರೆಯುವ ವಿದ್ಯೆಯನ್ನು ಇದಕ್ಕಾಗಿ ಬಯ್ಯುವುದು ಅನ್ಯಾಯ. 1921ರಲ್ಲಿ ಗಿಲ್‌ಬ್ರೆತ್ ದಂಪತಿ ಕೆಲಸದ ಹೆಜ್ಜೆಗಳನ್ನು ಗುರುತುಗಳಲ್ಲಿ ಬರೆಯುವ ಪದ್ಧತಿಯನ್ನು ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟರು. ಅದೇ ಸಂಘ 1947ರಲ್ಲಿ ಗುರುತುಗಳನ್ನು ಗೊತ್ತುಪಡಿಸಿದಾಗ ವಿಳಂಬಕ್ಕೂ ಒಂದು ಗುರುತು ಕೊಟ್ಟಿತು, ಇಂಗ್ಲಿಷಿನ ಡಿ ಅಕ್ಷರದ ಆಕಾರದ್ದು. ಒಬ್ಬ ಗೇಜ್ ರೀಡರ್, ಒಬ್ಬ ಗ್ಯಾಂಗ್‌ಮನ್, ಮೇಲಿನ ಒಬ್ಬ ರೈತ, ಕೆಳಗಿನ ಒಬ್ಬ ರೈತ, ನಾಲ್ವರನ್ನು ನೆಲದ ಮೇಲೆ ಕೂರಿಸಿ ಸುಣ್ಣದ ಕಡ್ಡಿ ಕೊಟ್ಟರೆ ಎಲ್ಲೆಲ್ಲಿ ಡಿ ಹಾಕಬೇಕೆಂದು ಚಹಾ ಆರುವುದರೊಳಗೆ ಹೇಳುತ್ತಾರೆ. ಆಮೇಲೆ ಜಗಳವೂ ಆಗುತ್ತದೆ, ಆಗಲಿ. ಅವರ ಹೆಸರು ಸಭೆಯ ಆಹ್ವಾನಿತರ ಪಟ್ಟಿಯಲ್ಲಿ ಪೂರ್ತಿ ಇರಲಿಲ್ಲ. ಫ್ಲೆಕ್ಸ್‌ನಲ್ಲಿ ಒಂದೇ ಒಂದು ಡಿ ಇಲ್ಲ.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್‌ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ಹೊಣೆ ಯಾರದು ಎಂಬ ವಾಗ್ವಾದ ಬೆಳಗಾಗುವುದರೊಳಗೆ ಶುರುವಾಗಿತ್ತು. ತುಂಗಭದ್ರಾ ಮಂಡಳಿ, ರಾಜ್ಯ, ಕೇಂದ್ರ ಎಂದು ಲೇನ್‌ಗಳು ತಾವಾಗಿಯೇ ಬಿದ್ದವು. ಆದರೆ ಒಂದು ವಾರದ ಆಸುಪಾಸಿನಲ್ಲಿ, ನೀರು ಭೋರ್ಗರೆಯುತ್ತಿರುವಾಗಲೇ, ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಆ ಕಿಂಡಿಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ಹಿಡಿದರು. ಕ್ರೇನ್ ಪಕ್ಕದಲ್ಲಿ ನಿಂತವನಿಗೆ ತಾನು ಯಾವ ಬಣ್ಣದ ಪಟ್ಟಿಯಲ್ಲಿದ್ದೇನೆ ಎಂದು ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ.

ಸಭೆಯ ಕೊನೆಗೆ ಅದೇ ಹಿರಿಯರು ಒಂದು ಸಲಹೆ ಕೊಟ್ಟರು. ಎರಡು ವಿಭಾಗಗಳ ನಡುವಿನ ಬಾಣದ ಮೇಲೆ ಎರಡು ಅಂಕಿ ಬರೆಯಿರಿ, ಬಾಲದ ಹತ್ತಿರ ಬಿಟ್ಟದ್ದೆಷ್ಟು, ತುದಿಯ ಹತ್ತಿರ ಬಂದದ್ದೆಷ್ಟು; ಎರಡನ್ನೂ ಗಡಿಯಲ್ಲಿ ಒಂದೇ ಹಲಗೆಯ ಮೇಲೆ ದಿನಾ ಬೆಳಿಗ್ಗೆ ಜನ ನೋಡುವಂತೆ ಹಾಕಿ ಎಂದರು. ಸಭೆ ಸ್ತಬ್ಧವಾಯಿತು. ಬಾಣದಲ್ಲಿ ನೀರು ಸೋರುವ ಸಾಧ್ಯತೆಯನ್ನು ಈ ಮಾದರಿ ಪರಿಗಣಿಸಿಲ್ಲ ಎಂದು ಸಲಹೆಗಾರರು ಹೇಳಿದರು. ಬಾಣ ತಮ್ಮ ಲೇನ್‌ಗೆ ಸೇರಿದ್ದಲ್ಲ ಎಂಬುದರಲ್ಲಿ ಮೇಲಿನ, ಕೆಳಗಿನ ಎಂಜಿನಿಯರುಗಳು ಮೊದಲ ಬಾರಿಗೆ ಒಮ್ಮತಕ್ಕೆ ಬಂದರು. ಒಮ್ಮತ ಮೂಡಿದ್ದು ಒಳ್ಳೆಯ ಬೆಳವಣಿಗೆ ಎಂದು ಅಧ್ಯಕ್ಷರು ನಡಾವಳಿಯಲ್ಲಿ ಬರೆಸಿದರು.

ನಕ್ಷೆಯ ಪರಿಷ್ಕೃತ ಆವೃತ್ತಿಯಲ್ಲಿ ಬಾಣಕ್ಕೇ ಪ್ರತ್ಯೇಕ ಲೇನ್ ಇರಲಿದೆ. ಅದಕ್ಕೆ ಹುದ್ದೆ ಇನ್ನೂ ಮಂಜೂರಾಗಿಲ್ಲ. ಅಲ್ಲಿಯವರೆಗೆ ಮೇಲಿನ ವಿಭಾಗದವರಿಗೇ ಹೆಚ್ಚುವರಿ ಪ್ರಭಾರ ವಹಿಸಲಾಗಿದೆ.